ಆ್ಯಂಟಿಬಯಾಟಿಕ್ ಇಲ್ಲದೆ ಮೀನು ಉಳಿಸುವುದು ಹೇಗೆ? ಬೆಳ್ಳುಳ್ಳಿಗೂ ಮೊದಲು ನೀರು

ಪ್ರಶ್ನೆ: ಮಂಡ್ಯ ಜಿಲ್ಲೆಯಲ್ಲಿ 20 ಗುಂಟೆಯ ಮಣ್ಣಿನ ಕೊಳದಲ್ಲಿ ಮೀನು ಸಾಕುತ್ತಿದ್ದೇವೆ. ಐದಡಿ ನೀರಿದೆ. ಜೂನ್ ಕೊನೆಗೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸೇರಿ 2,500 ಬಲಿತ ಬಿತ್ತನೆ ಮರಿ ಬಿಟ್ಟೆವು. ಈಗ ಸರಾಸರಿ 350 ಗ್ರಾಂ ತೂಗುತ್ತವೆ. ನವೆಂಬರ್ ಶುರುವಿನಲ್ಲಿ ರೆಕ್ಕೆಯ ಬುಡ ಕೆಂಪಾಗಿ, ಹೊಟ್ಟೆ ಉಬ್ಬಿ, ದಿನಕ್ಕೆ ನಾಲ್ಕೈದು ಮೀನು ಸತ್ತವು. ಅಂಗಡಿಯವರು ಆಕ್ಸಿಟೆಟ್ರಾಸೈಕ್ಲಿನ್ ಪುಡಿ ಕೊಟ್ಟು ಐದು ದಿನ ಮೇವಿಗೆ ಬೆರೆಸಲು ಹೇಳಿದರು. ಸಾವು ನಿಂತಿತು, ಆದರೆ ಹತ್ತು ದಿನಕ್ಕೆ ಮತ್ತೆ ಶುರುವಾಗಿದೆ. ಈ ಸಲ ಔಷಧಿ ಬೇಡ ಅಂದುಕೊಂಡಿದ್ದೇವೆ. ಬೆಳ್ಳುಳ್ಳಿ, ಅರಿಶಿನ, ಬೇವು, ಪ್ರೋಬಯಾಟಿಕ್ ಎಂದೆಲ್ಲ ಕೇಳಿದ್ದೇವೆ. ಯಾವುದನ್ನು ಎಷ್ಟು ಹಾಕಬೇಕು?

ಉತ್ತರ: ನೀವು ಹೆಸರಿಸಿದವುಗಳಲ್ಲಿ ಕೆಲವು ಕೆಲಸ ಮಾಡುತ್ತವೆ, ಪ್ರಮಾಣವನ್ನೂ ಕೆಳಗೆ ಕೊಟ್ಟಿದ್ದೇವೆ. ಆದರೆ ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಈಗ ಹೊಟ್ಟೆ ಉಬ್ಬಿ ದಡದಲ್ಲಿ ತೇಲುತ್ತಿರುವ ಮೀನನ್ನು ಬೆಳ್ಳುಳ್ಳಿಯಾಗಲಿ ಅರಿಶಿನವಾಗಲಿ ಉಳಿಸುವುದಿಲ್ಲ. ಆ ಮೀನು ಮೇವು ಬಿಟ್ಟಾಗಿದೆ, ಮೇವಿನಲ್ಲಿ ಏನೇ ಬೆರೆಸಿದರೂ ಅದರ ಹೊಟ್ಟೆಗೆ ಹೋಗುವುದಿಲ್ಲ. ನಿಮ್ಮ ಆ್ಯಂಟಿಬಯಾಟಿಕ್ ಸೋತದ್ದಕ್ಕೂ ಇದೇ ಮೊದಲ ಕಾರಣ.

ಆ ಸೋಲಿನಲ್ಲೇ ಮುಂದಿನ ದಾರಿಯೂ ಇರುವುದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಔಷಧಿ ಬೆರೆಸಿದ ಮೇವನ್ನು ತಿಂದದ್ದು ಹಸಿವಿದ್ದ ಮೀನುಗಳು, ಎಂದರೆ ಇನ್ನೂ ಆರೋಗ್ಯವಾಗಿದ್ದವು. ತಿಂದದ್ದರಲ್ಲೂ ಹೆಚ್ಚಿನ ಪಾಲು ಮೈಗೆ ಹತ್ತಲಿಲ್ಲ. ಆಕ್ಸಿಟೆಟ್ರಾಸೈಕ್ಲಿನ್ ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂಗೆ ಅಂಟಿಕೊಂಡರೆ ಕರುಳು ಅದನ್ನು ಹೀರಲಾರದು. ಕಾಟ್ಲಾ, ರೋಹು ಸೇರಿದ ಗೆಂಡೆ ಜಾತಿಯ ಮೀನುಗಳಲ್ಲಿ ಇದರ ಹೀರಿಕೆ ಮೊದಲೇ ತೀರ ಕಡಿಮೆ, ನಿಮ್ಮ ಭಾಗದ ಕೊಳವೆಬಾವಿ ನೀರು ಸಾಮಾನ್ಯವಾಗಿ ಗಡಸು. ಉಳಿದ ಔಷಧಿ ಹಿಕ್ಕೆಯ ಜೊತೆ ಹೊರಬಿದ್ದು ಗೋಡಿನಲ್ಲಿ ಸೇರಿತು. ಅಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಸಾಯುವಷ್ಟಲ್ಲ, ಪಳಗುವಷ್ಟು ಔಷಧಿ ದಿನವೂ ಸಿಕ್ಕಿತು. ಐದು ದಿನ ಕಳೆಯಿತು, ಔಷಧಿ ನಿಂತಿತು. ರೋಗ ಬರಲು ಕಾರಣವಾದ ನೀರು ಮಾತ್ರ ಹಾಗೇ ಉಳಿದಿತ್ತು.

ನೀವು ಹೇಳಿದ ಲಕ್ಷಣಗಳು ಏರೋಮೋನಾಸ್ ಹೈಡ್ರೋಫಿಲಾ ಎಂಬ ಬ್ಯಾಕ್ಟೀರಿಯಾ ತರುವ ರಕ್ತಸ್ರಾವದ ರೋಗಕ್ಕೆ ಹೊಂದುತ್ತವೆ. ರೆಕ್ಕೆಯ ಬುಡ ಮತ್ತು ಗುದದ್ವಾರ ಕೆಂಪಾಗುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ಹುರುಪೆಗಳು ನಿಗುರಿ ನಿಲ್ಲುವುದು, ಕಣ್ಣು ಹೊರಚಾಚುವುದು ಇದರ ಗುರುತು. ಈ ಬ್ಯಾಕ್ಟೀರಿಯಾ ಎಲ್ಲಿಂದಲೋ ಬಂದದ್ದಲ್ಲ. ನಮ್ಮ ಎಲ್ಲ ಕೆರೆ, ಕೊಳ, ನಾಲೆಗಳಲ್ಲಿ, ಆರೋಗ್ಯವಂತ ಮೀನಿನ ಕರುಳಿನಲ್ಲೂ ಅದು ಸದಾ ಇರುತ್ತದೆ. ಮೀನು ದಣಿದಾಗ ಮೇಲೆ ಬೀಳುತ್ತದೆ. ಹಾಗಾಗಿ ಅದನ್ನು ಕೊಳದಿಂದ ಪೂರ್ತಿ ಓಡಿಸುವ ಪ್ರಯತ್ನ ಯಾವ ಔಷಧಿಯಿಂದಲೂ, ಯಾವ ಸೊಪ್ಪಿನಿಂದಲೂ ಗೆಲ್ಲುವುದಿಲ್ಲ. ದಣಿವಿನ ಕಾರಣ ಹುಡುಕುವುದೇ ಚಿಕಿತ್ಸೆಯ ಮೊದಲ ಅರ್ಧ.

ಅದಕ್ಕೂ ಮುನ್ನ, ರೋಗ ಇದೇ ಹೌದೇ ಎಂದು ಖಚಿತ ಮಾಡಿಕೊಳ್ಳಿ. ಗೆಂಡೆ ಕೊಳಗಳಲ್ಲಿ ಆ್ಯಂಟಿಬಯಾಟಿಕ್‌ಗೆ ಬಗ್ಗದ ಕಾಯಿಲೆಗಳಿಗೇ ಆ್ಯಂಟಿಬಯಾಟಿಕ್ ಸುರಿಯುವುದು ತುಂಬ ಸಾಮಾನ್ಯ. ಬೀಸುಬಲೆಯಲ್ಲಿ ಏಳೆಂಟು ಮೀನು ಹಿಡಿದು ಬೆಳಕಿನಲ್ಲಿ ನೋಡಿ. ಮೈಮೇಲೆ ಮಸೂರದ ಕಾಳಿಗಿಂತ ಚಿಕ್ಕದಾದ, ಚಪ್ಪಟೆಯಾದ, ಸರಿದಾಡುವ ಚುಕ್ಕೆ ಕಂಡರೆ ಅದು ಮೀನು ಹೇನು. ಅದು ಕಚ್ಚಿದ ಜಾಗ ಕೆಂಪಾಗಿ, ಆ ಗಾಯಕ್ಕೆ ಏರೋಮೋನಾಸ್ ಸೇರಿಕೊಳ್ಳುತ್ತದೆ. ಹೇನನ್ನು ಬಿಟ್ಟು ಬ್ಯಾಕ್ಟೀರಿಯಾಕ್ಕೆ ಮದ್ದು ಮಾಡಿದರೆ ನಿಮಗಾದ ಹಾಗೇ ಹತ್ತು ದಿನಕ್ಕೆ ರೋಗ ಮರಳುತ್ತದೆ. ಮೈಮೇಲೆ ಒಳಗಿನ ಮಾಂಸ ಕಾಣುವ ಆಳವಾದ ದುಂಡು ಹುಣ್ಣುಗಳಿದ್ದು, ಅದೂ ಚಳಿಗಾಲದಲ್ಲಾದರೆ, ಅದು ಅಫನೊಮೈಸಿಸ್ ಇನ್ವಡಾನ್ಸ್ ಎಂಬ ಶಿಲೀಂಧ್ರದಂಥ ಜೀವಿಯ ಕೆಲಸ. 1988ರಲ್ಲಿ ಈಶಾನ್ಯದ ಕಡೆಯಿಂದ ಭಾರತಕ್ಕೆ ಬಂದ ಈ ಹುಣ್ಣು ರೋಗಕ್ಕೂ ಆ್ಯಂಟಿಬಯಾಟಿಕ್‌ಗೂ ಸಂಬಂಧವಿಲ್ಲ. ಕಿವಿರು ತೆರೆದು ನೋಡಿ. ಆರೋಗ್ಯದ ಕಿವಿರು ಗಾಢ ಕೆಂಪು. ಬಿಳಿಚಿದ್ದು, ಲೋಳೆ ತುಂಬಿದ್ದರೆ ಕಿವಿರಿನ ಹುಳುಗಳೋ ಅಮೋನಿಯಾವೋ ಇರಬಹುದು.

ಸಾಧ್ಯವಾದರೆ ಪ್ರಯೋಗಾಲಯಕ್ಕೆ ಕಳಿಸಿ. ಸತ್ತು ತೇಲಿದ ಮೀನು ಯಾವುದಕ್ಕೂ ಬಾರದು. ಸತ್ತ ಕೆಲವೇ ಗಂಟೆಗಳಲ್ಲಿ ಅದರಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳೇ ತುಂಬಿರುತ್ತವೆ. ಲಕ್ಷಣವಿರುವ, ಇನ್ನೂ ಉಸಿರಾಡುವ ಮೂರ್ನಾಲ್ಕು ಮೀನನ್ನು ಆಮ್ಲಜನಕ ತುಂಬಿದ ಚೀಲದಲ್ಲಿ ಒಯ್ಯಿರಿ. ಅದಾಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಂಜುಗಡ್ಡೆಯ ಮೇಲಿಟ್ಟು ಅದೇ ದಿನ ಮುಟ್ಟಿಸಿ, ಫ್ರೀಜರ್‌ನಲ್ಲಿ ಗಟ್ಟಿ ಮಾಡಬೇಡಿ. ಜೊತೆಗೆ ಒಂದು ಲೀಟರ್ ಕೊಳದ ನೀರು. ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿದರೆ ಹತ್ತಿರದ ಪ್ರಯೋಗಾಲಯ ಯಾವುದೆಂದು ಹೇಳುತ್ತಾರೆ.

ಈಗ ನಿಮ್ಮ ಕೊಳದ ಲೆಕ್ಕ. 20 ಗುಂಟೆ ಎಂದರೆ ಸುಮಾರು 2,000 ಚದರ ಮೀಟರ್. ಐದಡಿ ನೀರನ್ನು ಒಂದೂವರೆ ಮೀಟರ್ ಎಂದು ಹಿಡಿದರೆ 3,000 ಘನ ಮೀಟರ್, ಅಂದರೆ 30 ಲಕ್ಷ ಲೀಟರ್. ಪಿಪಿಎಂ ಎಂದರೆ ಹತ್ತು ಲಕ್ಷ ಪಾಲು ನೀರಿಗೆ ಒಂದು ಪಾಲು. ಈ ಕೊಳದಲ್ಲಿ ಒಂದು ಪಿಪಿಎಂ ಎಂದರೆ 3 ಕೆಜಿ. ಈ ಅಂಕಿಯನ್ನು ಮೋಟಾರು ಮನೆಯ ಗೋಡೆಯ ಮೇಲೆ ಬರೆದಿಡಿ. ಯಾರು ಏನು ಹಾಕಿ ಎಂದರೂ ಎಷ್ಟು ಪಿಪಿಎಂ ಎಂದು ಕೇಳಿ ಮೂರರಿಂದ ಗುಣಿಸಿ. ಎಕರೆಗೆ ಇಷ್ಟು ಚೀಲ ಎಂದು ಹೇಳುವವರು ಕೊಳದ ಆಳವನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಮೀನಿನ ಸಂಖ್ಯೆ ನಮಗೆ ಚಿಂತೆ ತರುತ್ತದೆ. ಮಿಶ್ರ ಗೆಂಡೆ ಸಾಕಣೆಗೆ ಎಕರೆಗೆ 4,000 ಮರಿ ಮೇಲಿನ ಮಿತಿ, ನಿಮ್ಮ ಅಳತೆಗೆ 2,000 ಆಗುತ್ತದೆ. ನೀವು ಬಿಟ್ಟದ್ದು 2,500. ಸತ್ತದ್ದನ್ನು ಕಳೆದು ಈಗ 2,000 ಉಳಿದಿವೆ ಎಂದುಕೊಂಡರೂ 700 ಕೆಜಿ ಮೀನು ಆ ನೀರಿನಲ್ಲಿದೆ. ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಇಲ್ಲದ ಕೊಳದಲ್ಲಿ ಇಷ್ಟು ಮೀನು, ಅದರ ಹಿಕ್ಕೆ, ಪಾಚಿ, ಗೋಡು ಎಲ್ಲ ಸೇರಿ ರಾತ್ರಿಯಿಡೀ ಆಮ್ಲಜನಕ ಉಸಿರಾಡುತ್ತವೆ. ಬೆಳಗಿನ ಜಾವ ಐದೂವರೆಗೆ ಕೊಳದ ಬಳಿ ನಿಂತು ನೋಡಿ. ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ, ಬಿಸಿಲೇರಿದ ಮೇಲೆ ಮರೆಯಾದರೆ, ನಿಮ್ಮ ರೋಗದ ಮೂಲ ಅಲ್ಲೇ ಇದೆ. ಹಗಲು ಹನ್ನೊಂದಕ್ಕೆ ಅಳೆದು ಎಲ್ಲ ಸರಿಯಿದೆ ಎನ್ನುವುದು ಅತಿ ಸಾಮಾನ್ಯ ತಪ್ಪು. ಆಮ್ಲಜನಕವನ್ನು ಸೂರ್ಯೋದಯಕ್ಕೆ ಮುಂಚೆ ಅಳೆಯಬೇಕು, ನೀರಿನ ಹುಳಿ-ಕ್ಷಾರ ತೋರಿಸುವ ಪಿಎಚ್ ಅನ್ನು ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಮೂರಕ್ಕೂ ಅಳೆಯಬೇಕು. ಬೆಳಗಿನ ಆಮ್ಲಜನಕ ಲೀಟರಿಗೆ 4 ಮಿಗ್ರಾಂಗಿಂತ ಇಳಿಯಬಾರದು, 5 ಇದ್ದರೆ ಒಳ್ಳೆಯದು. ಪಿಎಚ್ 7.5ರಿಂದ 8.5ರೊಳಗೆ ಆಡಬೇಕು.

ಇದೇ ಹೊತ್ತಿನಲ್ಲಿ ಅಮೋನಿಯಾವನ್ನೂ ಕಿಟ್‌ನಲ್ಲಿ ನೋಡಿ. ಅಮೋನಿಯಾ ಎಷ್ಟಿದೆ ಎಂಬುದರಷ್ಟೇ ಮುಖ್ಯ ಪಿಎಚ್ ಎಷ್ಟಿದೆ ಎಂಬುದು. 25 ಡಿಗ್ರಿ ನೀರಿನಲ್ಲಿ ಪಿಎಚ್ 8 ಇದ್ದಾಗ ಒಟ್ಟು ಅಮೋನಿಯಾದಲ್ಲಿ ನೂರಕ್ಕೆ ಸುಮಾರು 5 ಪಾಲು ಮಾತ್ರ ಮೀನಿಗೆ ವಿಷವಾಗುವ ರೂಪದಲ್ಲಿರುತ್ತದೆ. ಪಿಎಚ್ 9ಕ್ಕೆ ಏರಿದರೆ ಅದೇ ನೀರಿನಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ವಿಷವಾಗುತ್ತದೆ. ರೋಗ ಕಂಡ ಕೂಡಲೇ ಸುಟ್ಟ ಸುಣ್ಣ ಎರಚುವವರ ಕೊಳದಲ್ಲಿ ಮಾರನೆಯ ದಿನ ಸಾವು ಹೆಚ್ಚಾಗುವುದು ಇದರಿಂದಲೇ. ಸುಣ್ಣ ಕೆಟ್ಟದ್ದಲ್ಲ, ಹಾಕಿದ ಹೊತ್ತು ಕೆಟ್ಟದ್ದು.

ನಾಳೆಯಿಂದ ಮಾಡಬೇಕಾದ್ದು ಹೀಗೆ. ಮೂರು ದಿನ ಮೇವು ಪೂರ್ತಿ ನಿಲ್ಲಿಸಿ. 350 ಗ್ರಾಂ ಮೀನಿಗೆ ಮೂರು ದಿನದ ಉಪವಾಸದಿಂದ ಏನೂ ಆಗುವುದಿಲ್ಲ, ನೀರಿಗೆ ಮಾತ್ರ ದೊಡ್ಡ ಬಿಡುವು ಸಿಗುತ್ತದೆ. ಸತ್ತ, ಸಾಯುತ್ತಿರುವ ಮೀನುಗಳನ್ನು ದಿನಕ್ಕೆ ಎರಡು ಸಲ ತೆಗೆದು ಕೊಳದಿಂದ ದೂರ ಎರಡಡಿ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ. ಏರಿಯ ಮೇಲೆ ಎಸೆದರೆ ಕಾಗೆ, ಕೊಕ್ಕರೆ, ನಾಯಿ ಅದನ್ನು ಮತ್ತೆ ನೀರಿಗೆ ತರುತ್ತವೆ. ಒಂದು ಎಚ್‌ಪಿಯ ಏರೇಟರ್ ಬಾಡಿಗೆಗಾದರೂ ತಂದು ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಓಡಿಸಿ. ಅದು ಸಿಗದಿದ್ದರೆ ಕೊಳದ ನೀರನ್ನೇ ಪಂಪಿನಿಂದ ಎತ್ತಿ ತೂತು ಕೊರೆದ ಪೈಪಿನ ಮೂಲಕ ಎತ್ತರದಿಂದ ಚಿಮ್ಮಿಸಿ. ರೂಢಿಯಲ್ಲಿ ಗೋಡಿನ ಗಾಳಿ ಬಿಡಿಸಲು ಸರಪಳಿ ಎಳೆಯುತ್ತಾರಲ್ಲ, ಅದನ್ನು ಈಗ ಮಾಡಬೇಡಿ. ದಣಿದ ಮೀನಿರುವ ನೀರಿಗೆ ತಳದ ಹೈಡ್ರೋಜನ್ ಸಲ್ಫೈಡ್ ಬಿಟ್ಟರೆ ಒಂದೇ ರಾತ್ರಿಯಲ್ಲಿ ಕೊಳ ಖಾಲಿಯಾದೀತು.

ತಳದ ನೀರನ್ನು ತೂಬಿನಿಂದ ಬಿಟ್ಟು ಐದನೇ ಒಂದು ಪಾಲು ಹೊಸ ನೀರು ಕೊಡಿ. ಐದನೇ ಒಂದು ಎಂದರೆ 6 ಲಕ್ಷ ಲೀಟರ್. ಗಂಟೆಗೆ 10,000 ಲೀಟರ್ ಎತ್ತುವ ಕೊಳವೆಬಾವಿಗೆ ಅದು 60 ಗಂಟೆಯ ಕೆಲಸ. ನಾಲೆ ನೀರು ಇದ್ದರೆ ಬೇಗ ಆಗುತ್ತದೆ, ಆದರೆ ಒಳಬರುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಕಾಡು ಮೀನುಗಳೊಂದಿಗೆ ಹೇನೂ ಹುಣ್ಣೂ ಬರುತ್ತವೆ. ಕೊಳವೆಬಾವಿಯ ನೀರಿನಲ್ಲಿ ಆಮ್ಲಜನಕ ಇರುವುದೇ ಇಲ್ಲ ಎನ್ನಬಹುದು, ಇಂಗಾಲದ ಡೈಆಕ್ಸೈಡ್ ಹೆಚ್ಚು. ನೇರವಾಗಿ ಕೊಳಕ್ಕೆ ಬಿಡದೆ ಕಲ್ಲುಗಳ ಮೇಲೋ ಜರಡಿಯ ಮೇಲೋ ಬೀಳಿಸಿ ಬಿಡಿ.

ಮೂರನೆಯ ದಿನ ಸುಣ್ಣದ ವಿಚಾರ. ಮಧ್ಯಾಹ್ನದ ಪಿಎಚ್ 8ಕ್ಕಿಂತ ಕಡಿಮೆ ಇದ್ದು ಅಮೋನಿಯಾ ಕಾಣದಿದ್ದರೆ 20 ಕೆಜಿ ಸುಟ್ಟ ಸುಣ್ಣವನ್ನು ಹಿಂದಿನ ರಾತ್ರಿ ನೀರಲ್ಲಿ ನೆನೆಸಿ, ಪೂರ್ತಿ ತಣಿದ ಮೇಲೆ ಬೆಳಿಗ್ಗೆ ಕೊಳದ ಎಲ್ಲ ಕಡೆ ಎರಚಿ. ಪಿಎಚ್ 8ರಿಂದ 8.5ರೊಳಗಿದ್ದರೆ ಸುಟ್ಟ ಸುಣ್ಣ ಬಿಟ್ಟು ಕೃಷಿ ಸುಣ್ಣದ ಪುಡಿಯನ್ನೋ ಡೋಲೋಮೈಟನ್ನೋ ಬಳಸಿ, ಅವು ಪಿಎಚ್ ಅನ್ನು ಹಾರಿಸುವುದಿಲ್ಲ. 8.5 ದಾಟಿದ್ದರೆ ಯಾವ ಸುಣ್ಣವೂ ಬೇಡ. ನೀರು ಬದಲಿಸುವುದು, ಗಾಳಿ ಕೊಡುವುದು, ಮೇವು ತಡೆಯುವುದು ಇಷ್ಟೇ ಸಾಕು.

ನಾಲ್ಕನೆಯ ದಿನದಿಂದ ಮೇವು, ಅದರೊಂದಿಗೆ ಬೆಳ್ಳುಳ್ಳಿ. ಇದು ಏಕೆ, ಎಷ್ಟು ಎಂಬುದನ್ನು ತಿಳಿದು ಕೊಡಬೇಕು. ರೋಹುವಿಗೆ ಬೆಳ್ಳುಳ್ಳಿ, ಅರಿಶಿನ ತಿನ್ನಿಸಿ ಏರೋಮೋನಾಸ್ ತಡೆಯುವ ಶಕ್ತಿ ಹೆಚ್ಚುತ್ತದೆಯೇ ಎಂದು ನೋಡಿದ ಪ್ರಯೋಗಗಳು ನಮ್ಮ ದೇಶದಲ್ಲೇ ನಡೆದಿವೆ. ಕಾಟ್ಲಾ, ರೋಹುಗಳಿಗೆ ಉತ್ತರಾಣಿ ಬೀಜದ ಪುಡಿ ಕೊಟ್ಟ ಪ್ರಯೋಗಗಳೂ ಇವೆ. ಬೇರೆ ದೇಶಗಳಲ್ಲಿ ಟ್ರೌಟ್ ಮೀನಿನ ಮೇಲೂ ಬೆಳ್ಳುಳ್ಳಿಯನ್ನು ಪರೀಕ್ಷಿಸಿದ್ದಾರೆ. ಫಲಿತಾಂಶ ಚೆನ್ನಾಗಿದೆ. ಆದರೆ ಇವುಗಳ ಕ್ರಮವನ್ನು ಗಮನಿಸಿ. ಮೊದಲು ಎರಡು ವಾರದಿಂದ ಎರಡು ತಿಂಗಳವರೆಗೆ ಮದ್ದಿನ ಮೇವು ತಿನ್ನಿಸಿ, ಆಮೇಲೆ ಬ್ಯಾಕ್ಟೀರಿಯಾ ಚುಚ್ಚುತ್ತಾರೆ. ಬದುಕಿದ ಮೀನುಗಳು ಮುಂಚೆಯೇ ತಯಾರಾದವು. ರೋಗ ಹಿಡಿದ ಮೇಲೆ ಕೊಟ್ಟು ಗುಣಪಡಿಸಿದ್ದಲ್ಲ. ಆದ್ದರಿಂದ ನಿಮ್ಮ ಕೊಳದಲ್ಲಿ ಬೆಳ್ಳುಳ್ಳಿ ಕೊಡುವುದು ಇನ್ನೂ ತಿನ್ನುತ್ತಿರುವ, ಇನ್ನೂ ಬೀಳದ ಮೀನುಗಳಿಗಾಗಿ.

ಪ್ರಮಾಣ: ಮೇವಿನ ಪ್ರತಿ ಕೆಜಿಗೆ 10 ಗ್ರಾಂ ಸುಲಿದ ಹಸಿ ಬೆಳ್ಳುಳ್ಳಿ, 5 ಗ್ರಾಂ ಅರಿಶಿನ ಪುಡಿ. 700 ಕೆಜಿ ಮೀನಿಗೆ ಮೈತೂಕದ ನೂರಕ್ಕೆ 1 ಪಾಲಿನಂತೆ ಶುರುಮಾಡಿದರೆ ದಿನಕ್ಕೆ 7 ಕೆಜಿ ಮೇವು, ಅದಕ್ಕೆ 70 ಗ್ರಾಂ ಬೆಳ್ಳುಳ್ಳಿ, 35 ಗ್ರಾಂ ಅರಿಶಿನ. ಸಾವು ನಿಂತು ವಾರವಾದ ಮೇಲೆ ನೂರಕ್ಕೆ 2ಕ್ಕೆ, ಅಂದರೆ 14 ಕೆಜಿಗೆ ಏರಿಸಿ, ಮದ್ದನ್ನೂ ಇಮ್ಮಡಿ ಮಾಡಿ.

ಬೆಳ್ಳುಳ್ಳಿಯನ್ನು ಜಜ್ಜಿ ನುಣ್ಣಗೆ ಅರೆದು ಹದಿನೈದು ನಿಮಿಷ ಹಾಗೇ ಬಿಡಿ. ಇಡೀ ಎಸಳಿನಲ್ಲಿ ಅಲಿಸಿನ್ ಎಂಬ ಸತ್ವ ಇರುವುದಿಲ್ಲ. ಎಸಳು ಒಡೆದಾಗ ಒಳಗಿನ ಕಿಣ್ವ ಕೆಲಸ ಮಾಡಿ ಅದು ಹುಟ್ಟುತ್ತದೆ, ಬಿಸಿ ತಾಗಿದರೆ ಆ ಕಿಣ್ವ ಸಾಯುತ್ತದೆ. ಹಾಗಾಗಿ ಬೇಯಿಸಬೇಡಿ, ಬಿಸಿ ಗಂಜಿಗೆ ಹಾಕಬೇಡಿ, ಬಿಸಿಲಲ್ಲಿ ಒಣಗಿಸಬೇಡಿ. ಅಕ್ಕಿ ಗಂಜಿಯನ್ನು ಪೂರ್ತಿ ಆರಿಸಿ, 7 ಕೆಜಿ ಮೇವಿಗೆ ಸುಮಾರು 350 ಮಿಲಿಯಷ್ಟು ತೆಗೆದುಕೊಂಡು ಬೆಳ್ಳುಳ್ಳಿ ಕಲಸಿ ತೇಲುವ ಮೇವಿನ ಕಾಳುಗಳ ಮೇಲೆ ಚಿಮುಕಿಸುತ್ತ ಕೈಯಾಡಿಸಿ. ನೆರಳಿನಲ್ಲಿ ಅರ್ಧ ಗಂಟೆ ಹರಡಿ. ಅರಿಶಿನ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಬೆರೆಯುತ್ತದೆ. ಆದ್ದರಿಂದ ಅದನ್ನು 70 ಮಿಲಿ ಅಡುಗೆ ಎಣ್ಣೆಯಲ್ಲಿ ಕದಡಿ ಕೊನೆಯ ಪದರವಾಗಿ ಸವರಿ. ಎಣ್ಣೆಯ ಪದರ ಬೆಳ್ಳುಳ್ಳಿ ನೀರಿಗೆ ಬಿಟ್ಟುಕೊಳ್ಳದಂತೆಯೂ ಕಾಯುತ್ತದೆ. ಎರಡು ಗಂಟೆಯೊಳಗೆ ತಿನ್ನಿಸಿ, ನಾಳೆಗೆ ಉಳಿಸಬೇಡಿ. ಅಂಗಡಿಯ ಅರಿಶಿನ ಪುಡಿಗೆ ಬಣ್ಣ ಕಲಸಿರುವ ಸಾಧ್ಯತೆ ಇರುವುದರಿಂದ ಕೊಂಬು ತಂದು ಬೀಸಿಸಿಕೊಳ್ಳುವುದು ಮೇಲು.

ನೀವು ಕಡಲೆಕಾಯಿ ಹಿಂಡಿ, ತೌಡು ಕಲಸಿ ಕೊಡುವವರಾದರೆ ಉಂಡೆ ಕಟ್ಟುವ ಮುನ್ನ ಮದ್ದನ್ನು ಹಿಟ್ಟಿನಲ್ಲೇ ಬೆರೆಸಿ, ತೂತಿನ ಚೀಲದಲ್ಲಿ ಕಟ್ಟಿ ಗೂಟಕ್ಕೆ ತೂಗುಹಾಕಿ. ಹಿಂಡಿಯನ್ನು ಮೂಸಿ ನೋಡಿ. ಮುಗ್ಗಲು ವಾಸನೆ, ಹಸಿರು ಬೂಸ್ಟು ಕಂಡರೆ ಅದನ್ನು ಗೊಬ್ಬರಕ್ಕೆ ಹಾಕಿ. ಬೂಸ್ಟಿನ ಅಫ್ಲಾಟಾಕ್ಸಿನ್ ಮೀನಿನ ಯಕೃತ್ತನ್ನು ಕೆಡಿಸಿ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುತ್ತದೆ. ಅಗ್ಗಕ್ಕೆ ಸಿಕ್ಕ ಹಳೆಯ ಹಿಂಡಿ ಕೊಟ್ಟು, ಮೇಲೆ ದುಬಾರಿ ಮದ್ದು ಬೆರೆಸುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ.

ಬೆಳ್ಳುಳ್ಳಿ ಮೇವನ್ನು 14 ದಿನ ಕೊಟ್ಟು ನಿಲ್ಲಿಸಿ. ಹೆಚ್ಚು ಹಾಕಿದರೆ ಹೆಚ್ಚು ಗುಣ ಎಂದು ಕೆಜಿಗೆ 30, 40 ಗ್ರಾಂ ಹಾಕುವವರಿದ್ದಾರೆ. ಘಾಟಿಗೆ ಮೀನು ಮೇವು ಬಿಡುತ್ತದೆ, ಬಿಟ್ಟ ಮೇವು ತಳದಲ್ಲಿ ಕೊಳೆಯುತ್ತದೆ. ಒಣ ಯೀಸ್ಟ್ ಕೂಡ ಒಳ್ಳೆಯದು, ಕೆಜಿ ಮೇವಿಗೆ 10 ಗ್ರಾಂ ಸಾಕು. ಅದರ ಕೋಶಗೋಡೆಯ ಗ್ಲೂಕಾನ್ ಮೀನಿನ ರಕ್ಷಣಾ ಕಣಗಳನ್ನು ಎಚ್ಚರಿಸುತ್ತದೆ. ಆದರೆ ವರ್ಷವಿಡೀ ಎಚ್ಚರಿಸುತ್ತಲೇ ಇದ್ದರೆ ಆ ಎಚ್ಚರವೇ ಮೊಂಡಾಗುತ್ತದೆ. ಎರಡು ಮೂರು ವಾರ ಕೊಟ್ಟು ಅಷ್ಟೇ ದಿನ ಬಿಡುವುದು ಸರಿಯಾದ ರೀತಿ. ಇಂಥ ಮೇವಿಗೆ ಸರಿಯಾದ ಹೊತ್ತು ಸಂಕಟ ಬರುವ ಎರಡು ವಾರ ಮುಂಚೆ: ಮೊದಲ ಮಳೆಗೆ ಮುನ್ನ, ಚಳಿ ಇಳಿಯುವ ಮುನ್ನ, ಎಳೆಬಲೆ ಹಾಕುವ ಮುನ್ನ. ನೀವು ಅಕ್ಟೋಬರ್ ಮಧ್ಯದಲ್ಲಿ ಶುರುಮಾಡಬೇಕಿತ್ತು. ಮುಂದಿನ ವರ್ಷಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಬೇವಿನ ಬಗ್ಗೆ ನಮ್ಮದು ಎಚ್ಚರಿಕೆಯ ಮಾತು. ಹೊಲದಲ್ಲಿ ಹುಳುವಿಗೆ ಬೇವಿನೆಣ್ಣೆ ಹೊಡೆದ ಅನುಭವದಿಂದ ಕೊಳಕ್ಕೂ ಸುರಿದು ಮೀನು ಕಳೆದುಕೊಳ್ಳುವುದು ಸುಲಭ. ನೀರಿನಲ್ಲಿ ಬೇವಿನೆಣ್ಣೆ ಮೀನಿನ ಕಿವಿರಿಗೆ ವಿಷ. ಕಟ್ಟುಕಟ್ಟಾಗಿ ಸೊಪ್ಪು ಮುಳುಗಿಸಿದರೂ ಅದು ಕೊಳೆತು ಆಮ್ಲಜನಕ ಎಳೆಯುತ್ತದೆ, ನಿಮ್ಮ ಕೊಳದಲ್ಲಿ ಈಗ ಇರದಿರುವುದೇ ಅದು. ಬೇವನ್ನು ಬಿಟ್ಟುಬಿಡಿ.

ಮೀನು ಹೇನಿಗಾದರೆ ಬೇವಿಗಿಂತ ಒಳ್ಳೆಯ ಉಪಾಯವಿದೆ, ಖರ್ಚಿಲ್ಲದ್ದು. ಹೆಣ್ಣು ಹೇನು ಮೊಟ್ಟೆಯಿಡಲು ಮೀನನ್ನು ಬಿಟ್ಟು ಗಟ್ಟಿಯಾದ ಜಾಗ ಹುಡುಕುತ್ತದೆ. ಕೊಳದ ಏರಿಯುದ್ದಕ್ಕೂ ಹತ್ತು ಹನ್ನೆರಡು ಹಳೆಯ ಹಲಗೆ ಅಥವಾ ಸೀಳಿದ ಬಿದಿರನ್ನು ಅರ್ಧ ಮುಳುಗುವಂತೆ ನಿಲ್ಲಿಸಿ. ಅದರ ಮೇಲೆ ಸಾಲುಸಾಲಾಗಿ ಅಂಟಿದ ಮೊಟ್ಟೆ ಕಾಣಿಸುತ್ತವೆ. ಬೆಚ್ಚಗಿನ ನೀರಿನಲ್ಲಿ ಅವು ಎರಡು ವಾರದೊಳಗೆ ಒಡೆಯುವುದರಿಂದ ವಾರಕ್ಕೊಮ್ಮೆ ಹಲಗೆ ತೆಗೆದು ಕೆರೆದು, ಒಂದು ದಿನ ಬಿಸಿಲಲ್ಲಿ ಒಣಗಿಸಿ, ಮತ್ತೆ ಇಳಿಸಿ. ಆರು ವಾರ ಬಿಡದೆ ಮಾಡಿದರೆ ಹೇನಿನ ಸಂತತಿ ಕುಸಿಯುತ್ತದೆ. ತೆಗೆಯುವುದನ್ನು ಮರೆತರೆ ಮಾತ್ರ ಹೇನಿಗೆ ನೀವೇ ಹೆರಿಗೆ ಮನೆ ಕಟ್ಟಿಕೊಟ್ಟಂತೆ.

ಪ್ರೋಬಯಾಟಿಕ್, ಅಂದರೆ ಉಪಕಾರಿ ಬ್ಯಾಕ್ಟೀರಿಯಾಗಳ ವಿಷಯದಲ್ಲಿ ಎರಡು ಬೇರೆ ಸರಕನ್ನು ಒಂದೇ ಹೆಸರಿನಲ್ಲಿ ಮಾರುತ್ತಾರೆ. ಮೇವಿಗೆ ಬೆರೆಸುವುದು ಕರುಳಿನಲ್ಲಿ ನೆಲೆಸುವ ಲ್ಯಾಕ್ಟೋಬ್ಯಾಸಿಲಸ್, ಬ್ಯಾಸಿಲಸ್ ಸಬ್ಟಿಲಿಸ್ ಥರದವು. ನೀರಿಗೆ ಹಾಕುವುದು ಗೋಡು ಕರಗಿಸುವ ಬ್ಯಾಸಿಲಸ್ ಜಾತಿಗಳು. ಪೊಟ್ಟಣದ ಮೇಲೆ ಜಾತಿಯ ಹೆಸರು, ಗ್ರಾಂಗೆ ಎಷ್ಟು ಜೀವಕಣ, ತಯಾರಿಸಿದ ದಿನ ಮೂರೂ ಇಲ್ಲದಿದ್ದರೆ ಕೊಳ್ಳಬೇಡಿ. ನಿಮ್ಮ ಕೊಳಕ್ಕೆ ಈಗ ಬೇಕಾದ್ದು ನೀರಿನದು, ಅದೂ ಎರಡನೆಯ ವಾರದಲ್ಲಿ. ಕ್ಲೋರಿನ್ ಇಲ್ಲದ 50 ಲೀಟರ್ ನೀರಿಗೆ 5 ಕೆಜಿ ತೌಡು, 1 ಕೆಜಿ ಬೆಲ್ಲ, 100 ಗ್ರಾಂ ಬ್ಯಾಸಿಲಸ್ ಪುಡಿ ಹಾಕಿ, ಅಕ್ವೇರಿಯಂ ಪಂಪಿನಿಂದ ಗಾಳಿ ಕೊಡುತ್ತ 24ರಿಂದ 36 ಗಂಟೆ ಬಿಡಿ. ಹುಳಿಸಿಹಿ ವಾಸನೆ ಬಂದರೆ ಸರಿ. ಕೊಳೆತ ಮೊಟ್ಟೆಯ ನಾತ ಬಂದರೆ ಚೆಲ್ಲಿ. ಬಿಸಿಲಿರುವ ಬೆಳಿಗ್ಗೆ ಒಂಬತ್ತಕ್ಕೆ ಎರಚಿ, ಆ ರಾತ್ರಿ ಏರೇಟರ್ ತಪ್ಪಿಸಬೇಡಿ. ಈ ಬ್ಯಾಕ್ಟೀರಿಯಾಗಳೂ ಉಸಿರಾಡುತ್ತವೆ. ಸಂಜೆ ಸುರಿದು, ಬೆಳಿಗ್ಗೆ ಮೀನು ಬಾಯಿ ಬಡಿಯುತ್ತಿವೆ ಎಂದು ಗಾಬರಿಯಾಗುವವರು ಬಹಳ. ಸುಣ್ಣ ಅಥವಾ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕಿದ್ದರೆ ಐದು ದಿನ ಬಿಟ್ಟು ಹಾಕಿ, ಇಲ್ಲವಾದರೆ ಕೊಂಡು ತಂದ ಜೀವಿಗಳನ್ನು ನೀವೇ ಕೊಂದಂತಾಗುತ್ತದೆ. ಎರಡು ವಾರಕ್ಕೊಮ್ಮೆ ಸಾಕು.

ಅಂಗಡಿಯಲ್ಲಿ ಸಾವಯವ ಆಮ್ಲಗಳ ಬಾಟಲಿಯನ್ನೂ ತೋರಿಸಬಹುದು. ಹಂದಿ, ಕೋಳಿಗಳಲ್ಲಿ ಅವು ಹೆಸರು ಮಾಡಿವೆ, ತಿಲಾಪಿಯಾದಲ್ಲೂ ಉಪಯೋಗವಿದೆ. ಕಾಟ್ಲಾ, ರೋಹು, ಗೆಂಡೆಗಳಿಗೆ ಆಮ್ಲ ಸುರಿಸುವ ಜಠರವೇ ಇಲ್ಲ, ಬಾಯಿಂದ ನೇರ ಕರುಳು. ಆ ಹಣವನ್ನು ಏರೇಟರ್ ಬಾಡಿಗೆಗೆ ಇಡಿ.

ಗೊಬ್ಬರ ಹಾಕುವ ರೂಢಿ ಇದ್ದರೆ ಒಂದು ಮಾತು. ಮಂಡ್ಯ, ಮೈಸೂರು ಕಡೆ ಕೋಳಿ ಫಾರಂ ಗೊಬ್ಬರ ಸುಲಭವಾಗಿ ಸಿಗುತ್ತದೆ, ಪಾಚಿ ಬೇಗ ಬರುತ್ತದೆಂದು ಕೊಳಕ್ಕೆ ಸುರಿಯುತ್ತಾರೆ. ಕೋಳಿಗೆ ಕೊಟ್ಟ ಆ್ಯಂಟಿಬಯಾಟಿಕ್ ಉಳಿಕೆಯೂ, ಅದಕ್ಕೆ ಪಳಗಿದ ಬ್ಯಾಕ್ಟೀರಿಯಾಗಳೂ ಆ ಗೊಬ್ಬರದಲ್ಲಿ ಬರುತ್ತವೆ. ನೀವು ಔಷಧಿ ಮುಟ್ಟದಿದ್ದರೂ ಕೊಳ ಮುಟ್ಟಿರುತ್ತದೆ. ಹಸಿ ಕೋಳಿ ಗೊಬ್ಬರವನ್ನು ಪೂರ್ತಿ ಕೈಬಿಡಿ.

ಮೀನು ತೆಳುವು ಮಾಡಿದರೆ ಸರಿಹೋಗುತ್ತದೆ ಎಂದು ನಿಮಗೂ ಹೊಳೆದಿರಬಹುದು. ಹೌದು, ಆದರೆ ಈಗಲೇ ಮಾರುವಂತಿಲ್ಲ. ಆಕ್ಸಿಟೆಟ್ರಾಸೈಕ್ಲಿನ್ ಮಾಂಸದಲ್ಲಿ ಕೆಜಿಗೆ 0.1 ಮಿಗ್ರಾಂಗಿಂತ ಹೆಚ್ಚು ಇರಕೂಡದೆಂಬ ಮಿತಿ ನಮ್ಮಲ್ಲಿದೆ. ಮೀನಿನ ಮೈಯಿಂದ ಔಷಧಿ ಹೊರಹೋಗುವ ವೇಗ ನೀರಿನ ಬಿಸಿಯನ್ನು ಅವಲಂಬಿಸುತ್ತದೆ. ಯುರೋಪಿನಲ್ಲಿ 500 ಡಿಗ್ರಿ-ದಿನ ಎಂಬ ಲೆಕ್ಕ ಬಳಸುತ್ತಾರೆ, ಅಂದರೆ ನೀರಿನ ಬಿಸಿಯನ್ನು ದಿನಗಳಿಂದ ಗುಣಿಸಿದರೆ 500 ಬರಬೇಕು. 25 ಡಿಗ್ರಿ ನೀರಿಗೆ ಅದು 20 ದಿನ, ಈ ಚಳಿಯಲ್ಲಿ 20 ಡಿಗ್ರಿಗೆ ಇಳಿದರೆ 25 ದಿನ. ನೀವು ಔಷಧಿ ಕೊಟ್ಟ ಕೊನೆಯ ದಿನದಿಂದ ಪೂರ್ತಿ 30 ದಿನ ಎಣಿಸಿ, ಆಮೇಲೆ ದೊಡ್ಡ ಕಾಟ್ಲಾಗಳನ್ನು ಹಿಡಿದು 500ರಷ್ಟು ಮೀನು ಕಡಿಮೆ ಮಾಡಿ. ಹಿಡಿದು ಮತ್ತೆ ಬಿಡುವ ಮೀನಿಗೆ ಉಪ್ಪುನೀರಿನ ಅದ್ದು ಕೊಡಿ: 10 ಲೀಟರಿಗೆ 300 ಗ್ರಾಂ ಅಯೋಡಿನ್ ಇಲ್ಲದ ಕಲ್ಲುಪ್ಪು, ಎರಡರಿಂದ ಐದು ನಿಮಿಷ. ಮೀನು ಪಕ್ಕಕ್ಕೆ ವಾಲಿದ ಕೂಡಲೇ ತೆಗೆಯಬೇಕು, ನಿಮಿಷ ಎಣಿಸುತ್ತ ನಿಲ್ಲಬಾರದು. ಇಡೀ ಕೊಳಕ್ಕೆ ಉಪ್ಪು ಹಾಕುವ ಯೋಚನೆ ಬೇಡ. ನಿಮ್ಮ ಕೊಳಕ್ಕೆ ನೂರಕ್ಕೆ 0.1 ಪಾಲು ಎಂದರೂ 3,000 ಕೆಜಿ ಉಪ್ಪಾಗುತ್ತದೆ, ಆ ನೀರು ನಾಳೆ ಗದ್ದೆಗೆ ಹೋಗಬೇಕು.

ಲಸಿಕೆ ಇಲ್ಲವೇ ಎಂದು ಕೇಳಬಹುದು. ಆ್ಯಂಟಿಬಯಾಟಿಕ್ ಬಿಡುವುದು ದೊಡ್ಡ ಮಟ್ಟದಲ್ಲಿ ಸಾಧ್ಯ ಎಂಬುದಕ್ಕೆ ಅದೇ ಅತ್ಯಂತ ಗಟ್ಟಿ ಸಾಕ್ಷಿ. ನಾರ್ವೆಯ ಸಾಲ್ಮನ್ ಸಾಕಣೆಯಲ್ಲಿ 1987ರಲ್ಲಿ ಸುಮಾರು 48 ಟನ್ ಆ್ಯಂಟಿಬಯಾಟಿಕ್ ಬಳಕೆಯಾಗಿತ್ತು. 1990ರ ದಶಕದಲ್ಲಿ ಲಸಿಕೆ ಬಂದು, ಒಂದು ಬೆಳೆಗೂ ಇನ್ನೊಂದಕ್ಕೂ ನಡುವೆ ಜಾಗವನ್ನು ಖಾಲಿ ಬಿಡುವ ಶಿಸ್ತು ಸೇರಿ, ಉತ್ಪಾದನೆ ಹಲವು ಪಟ್ಟು ಏರಿದರೂ ಔಷಧಿ ಒಂದೆರಡು ಟನ್ನಿಗೆ ಇಳಿಯಿತು. ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲೂ 1990ರ ದಶಕದಲ್ಲೇ ಏರೋಮೋನಾಸ್ ವಿರುದ್ಧ ಗೆಂಡೆಗಳಿಗೆ ಮೇವಿನಲ್ಲಿ ತಿನ್ನಿಸುವ ಲಸಿಕೆಯ ಕೆಲಸ ನಡೆಯಿತು. ಸಿಗಡಿ ಚಿಪ್ಪಿನಿಂದ ಸಿಗುವ ಕೈಟಿನ್ ಚೂರುಗಳ ಮೇಲೆ ಬ್ಯಾಕ್ಟೀರಿಯಾವನ್ನು ಪೊರೆಯಂತೆ ಬೆಳೆಸಿ, ಕೊಂದು, ಮೇವಿಗೆ ಬೆರೆಸಿದರು. ಬಿಡಿ ಬಿಡಿಯಾಗಿ ಬೆಳೆದ ಬ್ಯಾಕ್ಟೀರಿಯಾವನ್ನು ಕರುಳಿನ ರಸ ಬೇಗ ಜೀರ್ಣಿಸಿಬಿಡುತ್ತದೆ, ಪೊರೆಯಲ್ಲಿದ್ದದ್ದು ಉಳಿದು ರೋಗನಿರೋಧಕ ಕಣಗಳಿಗೆ ಪರಿಚಯವಾಗುತ್ತದೆ ಎಂಬುದು ಅದರ ಹಿಂದಿನ ಯೋಚನೆ. ನಮ್ಮ ರೈತರ ಮೀನುಗಳೆದುರು ಇರುವ ಸಮಸ್ಯೆಗೆ ನಮ್ಮ ನೆಲದಲ್ಲೇ ಹುಟ್ಟಿದ ಉತ್ತರವಿದು. ಹಳ್ಳಿಯ ಅಂಗಡಿಗೆ ಅದು ಬರುವವರೆಗೆ ನಿಮ್ಮ ಕೈಯಲ್ಲಿರುವುದು ಕೊಳದ ಆರೈಕೆ.

ಬೆಳೆ ಮುಗಿದ ಮೇಲಿನ ಕೆಲಸವೇ ಮುಂದಿನ ವರ್ಷದ ನಿಜವಾದ ಮದ್ದು. ಏಪ್ರಿಲ್‌ನಲ್ಲಿ ಕೊಳ ಬರಿದು ಮಾಡಿ, ಗೋಡನ್ನು ಎತ್ತಿ ಹೊಲಕ್ಕೆ ಸಾಗಿಸಿ, ನೆಲ ಕಾಲಿನಗಲ ಬಿರಿಯುವವರೆಗೆ ಒಣಗಿಸಿ. ಮಣ್ಣಿನ ಪಿಎಚ್ 6.5ರಿಂದ 7ರೊಳಗಿದ್ದರೆ ನಿಮ್ಮ 20 ಗುಂಟೆಗೆ 80ರಿಂದ 100 ಕೆಜಿ ಸುಣ್ಣ ಚೆಲ್ಲಿ. ಪೂರ್ತಿ ಬರಿದಾಗದ ಕೊಳವಾದರೆ, ಉಳಿದ ನೀರಿನಲ್ಲಿ ಅಡಗುವ ಕಾಡು ಮೀನುಗಳಿಗೆ ಇಪ್ಪೆ ಹಿಂಡಿ ಬಳಸಬಹುದು. ಪ್ರಮಾಣ 250 ಪಿಪಿಎಂ, ಎಂದರೆ ಎರಡಡಿ ನೀರು ಉಳಿದಿದ್ದರೆ ನಿಮ್ಮ ಕೊಳಕ್ಕೆ ಸುಮಾರು 300 ಕೆಜಿ. ಅದರ ಸಪೋನಿನ್ ಮೀನುಗಳನ್ನು ಕೊಂದು, ಮೂರು ವಾರದಲ್ಲಿ ವಿಷ ಕಳೆದು ಗೊಬ್ಬರವಾಗುತ್ತದೆ. ಮೂರು ವಾರ ಆಗುವ ಮೊದಲು ಮರಿ ಬಿಡಬೇಡಿ. ಅವಸರವಿದ್ದರೆ ಹಾಪಾ ಬಲೆಯಲ್ಲಿ (ನೀರಿನಲ್ಲಿ ಕಟ್ಟುವ ಪೆಟ್ಟಿಗೆಯಂಥ ಬಲೆ) ಹತ್ತು ಮರಿ ಬಿಟ್ಟು ಒಂದು ದಿನ ನೋಡಿ, ಎಲ್ಲವೂ ಉಳಿದರೆ ಬಾಕಿ ಇಳಿಸಿ. ಮುಂದಿನ ಸಲ ಮರಿಗಳ ಸಂಖ್ಯೆ 2,000 ಮೀರಬೇಡಿ. ಹುಣ್ಣು ರೋಗದ ಕಾಲಕ್ಕೆ ಮುಂಚೆ, ಅಕ್ಟೋಬರ್ ಕೊನೆಗೆ ಒಮ್ಮೆ, ಡಿಸೆಂಬರ್ ಶುರುವಿಗೆ ಒಮ್ಮೆ 20 ಕೆಜಿ ಸುಣ್ಣವನ್ನು ಪಿಎಚ್ ನೋಡಿಕೊಂಡು ಕೊಡಿ.

ಇಷ್ಟೆಲ್ಲ ಮಾಡಿಯೂ ಒಂದು ವಾರದಲ್ಲಿ ದಿನದ ಸಾವು ಕಡಿಮೆಯಾಗದಿದ್ದರೆ, ಅಥವಾ ದಿನಕ್ಕೆ ಇಪ್ಪತ್ತು ದಾಟಿದರೆ, ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿಗೆ ಬಗ್ಗುತ್ತದೆಂದು ಪರೀಕ್ಷೆ ಮಾಡಿಸಿ. ಔಷಧಿ ಕೊಡಲೇಬೇಕಾದರೆ ಆ ವರದಿಯ ಮೇಲೆ, ವೈದ್ಯರು ಬರೆದ ಪ್ರಮಾಣದಲ್ಲಿ, ಬರೆದಷ್ಟು ದಿನ ಪೂರ್ತಿ ಕೊಡಿ. ಸಾವು ನಿಂತಿತೆಂದು ಮೂರನೆಯ ದಿನಕ್ಕೆ ನಿಲ್ಲಿಸಬೇಡಿ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯೂರಾನ್, ಕೊಲಿಸ್ಟಿನ್ ಹೆಸರಿರುವ ಪೊಟ್ಟಣವನ್ನು ಯಾರು ಕೊಟ್ಟರೂ ಮುಟ್ಟಬೇಡಿ, ಆಹಾರದ ಪ್ರಾಣಿಗಳಿಗೆ ಅವು ನಿಷೇಧಿತ. ಕೊಲಿಸ್ಟಿನ್ ಅನ್ನು 2019ರಲ್ಲಿ ನಿಷೇಧಿಸಿದ್ದು, ಆಸ್ಪತ್ರೆಯಲ್ಲಿ ಬೇರೆಲ್ಲ ಔಷಧಿ ಸೋತ ರೋಗಿಗೆ ಉಳಿಯುವ ಕೊನೆಯ ಮದ್ದುಗಳಲ್ಲಿ ಅದೂ ಒಂದಾಗಿರುವುದರಿಂದ.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಬೆಳಗಿನ ಆಮ್ಲಜನಕ, ಎರಡು ಹೊತ್ತಿನ ಪಿಎಚ್, ಕೊಟ್ಟ ಮೇವು, ಸತ್ತ ಮೀನು, ಹಾಕಿದ ಪದಾರ್ಥ ಇವನ್ನು ದಿನವೂ ಬರೆಯಿರಿ. ಹದಿನೈದು ದಿನದ ಆ ಪುಟಗಳನ್ನು, ಹೇನು ಕಂಡಿತೇ ಇಲ್ಲವೇ ಎಂಬುದನ್ನೂ ಸೇರಿಸಿ ನಮಗೆ ಕಳಿಸಿದರೆ ಮುಂದಿನ ಸಲಹೆಯನ್ನು ಇನ್ನೂ ಖಚಿತವಾಗಿ ಹೇಳಬಹುದು.